ಕೊಕ್ಕರೆ ಸೈಟು ಜಪಾನಿ ಅಂಗಡಿ ಆದ ಮೇಲೆ ಕಲ್ತಿದ್ದು: ನಿಮ್ಮ ವೆಬ್‌ಸೈಟ್‌ನ ಹ್ಯಾಕರ್‌ಗಳಿಂದ ಕಾಪಾಡ್ಕೊಳ್ಳೋದು ಹೇಗೆ

ನಂದೊಂದು ಸಣ್ಣ ವೆಬ್‌ಸೈಟ್ ಇದೆ, ತುಮಕೂರು ಸುತ್ತಮುತ್ತ ತೆಗೆದ ಹಕ್ಕಿ ಫೋಟೋಗಳದ್ದು. ಸಿರಾ ತಾಲ್ಲೂಕಲ್ಲಿ ಕಗ್ಗಲಡು ಅಂತ ಊರಿದೆಯಲ್ಲ, ಮನೆಗಳ ಪಕ್ಕದ ಹುಣಸೆ ಮರದ ಮೇಲೇ ಬಣ್ಣದ ಕೊಕ್ಕರೆ ಬಂದು ಗೂಡು ಕಟ್ತಾವೆ, ಆ ಫೋಟೋಗಳು, ದೇವರಾಯನದುರ್ಗದ್ದು ಒಂದಷ್ಟು, ನಮ್ಮ ಅಮಾನಿಕೆರೆದು ಒಂದಷ್ಟು. ದಿನಕ್ಕೆ ಇಪ್ಪತ್ತು ಜನ ನೋಡಿದ್ರೆ ಅವತ್ತು ಹಬ್ಬ. ಇಂಥಾ ಸೈಟನ್ನ ಯಾರಪ್ಪ ಹ್ಯಾಕ್ ಮಾಡ್ತಾರೆ, ಕೊಕ್ಕರೆ ಕದ್ಕೊಂಡು ಹೋಗ್ತಾರಾ ಅಂತ ನಾನೂ ಧೈರ್ಯವಾಗಿದ್ದೆ.

ಒಂದಿನ ಪರಿಚಯದ ಮೇಷ್ಟ್ರೊಬ್ರು ಫೋನ್ ಮಾಡಿ, ನಿಮ್ ಸೈಟು ಗೂಗಲಲ್ಲಿ ಹುಡುಕಿದ್ರೆ ಏನೋ ಚೈನಾ ಅಕ್ಷರ ಬರ್ತೈತಲ್ಲ ಅಂದ್ರು. ನೋಡಿದ್ರೆ ಚೈನಾ ಅಲ್ಲ, ಜಪಾನಿ. ನನ್ನ ಸೈಟಿನ ಹೆಸರಿನ ಕೆಳಗೆ ಹ್ಯಾಂಡ್‌ಬ್ಯಾಗು, ವಾಚು, ಶೂ, ಸಾವಿರಾರು ಪೇಜು. ತಮಾಷೆ ಏನಂದ್ರೆ ಅಡ್ರೆಸ್ ಟೈಪ್ ಮಾಡಿ ನೇರ ಹೋದ್ರೆ ಕೊಕ್ಕರೆ ಇದ್ದಂಗೇ ಕೂತಿದೆ, ಏನೂ ಆಗೇ ಇಲ್ಲ ಅನ್ನೋ ಥರ. ಇದಕ್ಕೆ ಜಪಾನೀಸ್ ಕೀವರ್ಡ್ ಹ್ಯಾಕ್ ಅಂತಾನೇ ಹೆಸರಿದೆ ಅಂತ ಆಮೇಲೆ ಗೊತ್ತಾಯ್ತು, ಗೂಗಲ್ ಕಂಪನಿನೇ ಇದನ್ನ ಸರಿ ಮಾಡೋದು ಹೇಗೆ ಅಂತ ಬರೆದಿಟ್ಟಿದೆ. ಕಳ್ಳ ಪೇಜುಗಳು ಸೈಟುಗಳನ್ನ ಓದಿ ಪಟ್ಟಿ ಮಾಡೋ ಗೂಗಲ್ ಬಾಟ್‌ಗೆ ಮಾತ್ರ ಕಾಣ್ತವೆ, ಮಾಲೀಕನಿಗೆ ಕಾಣಲ್ಲ, ಅದಕ್ಕೇ ತಿಂಗಳಾನುಗಟ್ಲೆ ಗೊತ್ತೇ ಆಗಲ್ಲ. ಅವರಿಗೆ ಬೇಕಾಗಿರೋದು ನಿಮ್ಮ ಫೋಟೋ ಅಲ್ಲ, ನಿಮ್ಮ ಡೊಮೈನ್‌ಗೆ, ಅಂದ್ರೆ ಸೈಟಿನ ಅಡ್ರೆಸ್ಸಿಗೆ, ಗೂಗಲ್ ಹತ್ರ ಇರೋ ಮರ್ಯಾದೆ. ಅದರ ಬೆನ್ನ ಮೇಲೆ ಕೂತು ಡೂಪ್ಲಿಕೇಟ್ ಮಾಲು ಮಾರ್ತಾರೆ.

ಹೆಂಗೆ ಒಳಗ್ ಬಂದ್ರು? ನಾನೇ ಕರ್ಕೊಂಡ್ ಬಂದಿದ್ದೆ. ದುಡ್ಡು ಕೊಟ್ಟು ತಗೋಬೇಕಾದ ಥೀಮ್ (ಸೈಟಿನ ರೆಡಿಮೇಡ್ ಡಿಸೈನ್) ಒಂದು ಟೆಲಿಗ್ರಾಂ ಗ್ರೂಪಲ್ಲಿ ಫ್ರೀಯಾಗಿ ಸಿಕ್ತು, ಬಿಟ್ಟಿ ಸಿಕ್ರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅಂತಾರಲ್ಲ, ಹಂಗೆ ಹಾಕ್ಕೊಂಡೆ. ಇದಕ್ಕೆ ನಲ್ಡ್ ಥೀಮ್ ಅಂತಾರೆ, ಲೈಸೆನ್ಸ್ ಚೆಕ್ ಕಿತ್ತಾಕಿರೋ ಕಾಪಿ. ಕಿತ್ತಾಕಿದವನು ಪುಣ್ಯಕ್ಕೆ ಹಂಚಲ್ಲ, ಎಷ್ಟೋ ಸಲ ಒಳಗೊಂದು ಹಿಂಬಾಗಿಲು ಇಟ್ಟೇ ಹಂಚೋದು.

ಇನ್ನೊಂದು ವಿಷಯ ತಲೇಲಿ ಇಟ್ಕೊಂಡು ಮುಂದೆ ಓದಿ. ನಿಮ್ಮನ್ನ ಯಾರೂ ಹುಡುಕ್ಕೊಂಡು ಬರ್ತಿಲ್ಲ. ಬೀದೀಲಿರೋ ಎಲ್ಲಾ ಮನೆ ಬಾಗಿಲು ತಳ್ಳಿ ನೋಡ್ತಾ ಹೋಗೋ ಮೆಷಿನ್ ಅದು, ತೆರ್ಕೊಂಡ್ರೆ ಒಳಗೆ, ಇಲ್ಲಾಂದ್ರೆ ಮುಂದಿನ ಮನೆ. ಜಗತ್ತಿನ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ವೆಬ್‌ಸೈಟು ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ಸಾಫ್ಟ್‌ವೇರ್ ಮೇಲೆ ಓಡ್ತಿರೋದ್ರಿಂದ ಒಂದು ಬಾಗಿಲು ತೆಗೆಯೋ ಟ್ರಿಕ್ ಸಿಕ್ರೆ ಲಕ್ಷಾಂತರ ಮನೆಗೆ ಅದೇ ಟ್ರಿಕ್ಕು. 2017ರಲ್ಲಿ ಆಗಿದ್ದು ಅದೇ, ವರ್ಡ್‌ಪ್ರೆಸ್ 4.7ರಲ್ಲಿ ಒಂದು ತೂತಿತ್ತು, ಜನವರಿ 26ಕ್ಕೆ ಸರಿ ಮಾಡಿದ 4.7.2 ಬಂತು, ತೂತು ಇಂಥದ್ದು ಅಂತ ಹೊರಗೆ ಹೇಳಿದ್ದು ಫೆಬ್ರವರಿ 1ಕ್ಕೆ. ಅಷ್ಟರಲ್ಲಿ ಅಪ್‌ಡೇಟ್ ಆದವರು ಬಚಾವು, ಆಗದವರ ಪೇಜುಗಳು ಲಕ್ಷದ ಲೆಕ್ಕದಲ್ಲಿ ಹಾಳಾದ್ವು.

ಸೋ ಎಲ್ಲಿಂದ ಶುರು ಮಾಡೋದು? ಎಲ್ರೂ ಮೊದಲು ಹೋಗಿ ಒಂದು ಸೆಕ್ಯೂರಿಟಿ ಪ್ಲಗಿನ್ (ಸೈಟಿಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ) ಹಾಕ್ಕೊಂಡು ಆಯ್ತಪ್ಪ ಅಂತ ಕೈ ತೊಳ್ಕೋತಾರೆ. ನನ್ನ ಲೆಕ್ಕದಲ್ಲಿ ಅದು ಕೊನೇ ಕೆಲಸ. ಮೊದಲು ಬೀಗದ ಕೈ ಎಲ್ಲೆಲ್ಲಿದೆ ನೋಡ್ಕೊಳ್ಳಿ, ಬೀಗ ಆಮೇಲೆ.

ಮೊದಲು ಇಮೇಲ್

ನಿಮ್ಮ ಹೋಸ್ಟಿಂಗ್ (ಸೈಟಿನ ಫೈಲ್ ಇಡೋ ಬಾಡಿಗೆ ಜಾಗ), ಡೊಮೈನ್, ವರ್ಡ್‌ಪ್ರೆಸ್, ಯಾವುದರ ಪಾಸ್‌ವರ್ಡ್ ಮರೆತ್ರೂ ರೀಸೆಟ್ ಲಿಂಕ್ ಬರೋದು ಎಲ್ಲಿಗೆ? ಜಿಮೇಲಿಗೆ. ಅಂದ್ರೆ ಜಿಮೇಲ್ ಹೋದ್ರೆ ಎಲ್ಲಾ ಹೋಯ್ತು. ಅದಕ್ಕೆ ಇವತ್ತೇ ಎರಡು ಕೆಲಸ. ಹ್ಯಾವ್ ಐ ಬೀನ್ ಪೋನ್ಡ್ ಅಂತ ಒಂದು ಸೈಟಿದೆ, ಟ್ರಾಯ್ ಹಂಟ್ ಅನ್ನೋ ಆಸ್ಟ್ರೇಲಿಯಾದವರು 2013ರಲ್ಲಿ ಶುರು ಮಾಡಿದ್ದು, ಅಲ್ಲಿ ನಿಮ್ಮ ಇಮೇಲ್ ಹಾಕಿದ್ರೆ ಯಾವ್ಯಾವ ಸೋರಿಕೇಲಿ ಅದು ಸಿಕ್ಕಿದೆ ಅಂತ ತೋರಿಸುತ್ತೆ. ಹಳೇ ಇಮೇಲ್ ಆಗಿದ್ರೆ ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ, ಗಾಬರಿ ಬೇಡ, ಆದ್ರೆ ಆ ಸೋರಿದ ಸೈಟಿಗೆ ಕೊಟ್ಟಿದ್ದ ಪಾಸ್‌ವರ್ಡನ್ನೇ ಬೇರೆ ಕಡೆನೂ ಇಟ್ಟಿದ್ರೆ ಮಾತ್ರ ಗಾಬರಿ ಆಗ್ಲೇಬೇಕು. ಒಂದ್ಕಡೆ ಸೋರಿದ್ದನ್ನ ನೂರು ಕಡೆ ಟ್ರೈ ಮಾಡೋದೇ ಆ ಮೆಷಿನ್‌ಗಳ ಕಸುಬು.

ಎರಡನೇದು ಟೂ ಸ್ಟೆಪ್, ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಕೋಡ್ ಕೇಳೋದು. ಎಸ್ಸೆಮ್ಮೆಸ್ ಒಟಿಪಿ ಇಲ್ಲದೆ ಇರೋದಕ್ಕಿಂತ ವಾಸಿ, ಆದ್ರೆ ನಕಲಿ ಸಿಮ್ ತಗೊಂಡು ಒಟಿಪಿ ಎಗರಿಸೋದು ನಡೀತಾನೇ ಇದೆ, ಅದಕ್ಕೆ ಆಥೆಂಟಿಕೇಟರ್ ಆ್ಯಪ್ ಇಟ್ಕೊಳ್ಳಿ, ಮೂವತ್ತು ಸೆಕೆಂಡಿಗೊಂದು ಆರಂಕಿ ಬದಲಾಗುತ್ತಲ್ಲ ಅದು. ಆನ್ ಮಾಡಿದ ಮೇಲೆ ಬ್ಯಾಕಪ್ ಕೋಡ್ ಅಂತ ಸಿಗುತ್ತೆ, ಅದನ್ನ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಲ್ಲಿ ಇಟ್ಕೊಂಡ್ರೆ ಏನೂ ಉಪಯೋಗ ಇಲ್ಲ, ಫೋನ್ ಕಳೆದಾಗ ತಾನೇ ಅದು ಬೇಕಾಗೋದು. ಪ್ರಿಂಟ್ ತಗೊಂಡು ರೇಷನ್ ಕಾರ್ಡು, ಪಹಣಿ ಇಡೋ ಫೈಲಲ್ಲಿ ಇಡಿ. ನಾನು ಅಲ್ಲೇ ಇಟ್ಟಿರೋದು.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಹೇಳಲ್ಲ. ಉದ್ದ ಇರ್ಲಿ, ಎಲ್ಲಾ ಕಡೆ ಬೇರೆ ಬೇರೆ ಇರ್ಲಿ, ಅಷ್ಟೇ. ತಿಂಗಳಿಗೊಮ್ಮೆ ಬದಲಾಯಿಸ್ಬೇಕು, ಒಂದು ದೊಡ್ಡಕ್ಷರ ಒಂದು ಅಟ್ ಸಿಂಬಲ್ ಅನ್ನೋದೆಲ್ಲ ಹಳೇ ಕಾಲದ ರೂಲು, ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆನೇ 2017ರಲ್ಲಿ ಅದನ್ನ ಕೈಬಿಟ್ಟು ಉದ್ದಕ್ಕೇ ಬೆಲೆ ಕೊಡಿ, ಸೋರಿದಾಗ ಬದಲಾಯಿಸಿ ಅಂತು. ಗೋಣಿ ಪಂಚರ್ ನೇರಳೆ ಜಟಕಾ, ಹಿಂಗೆ ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿದ್ರೆ ನೆನಪೂ ಇರುತ್ತೆ, ಮುರಿಯೋದೂ ಕಷ್ಟ (ಇದನ್ನೇ ಇಟ್ಕೋಬೇಡಿ ಮತ್ತೆ). ಆ ಒಂದನ್ನ ಎಲ್ಲಾ ಪಾಸ್‌ವರ್ಡ್ ನೆನಪಿಟ್ಕೊಳ್ಳೋ ಪಾಸ್‌ವರ್ಡ್ ಮ್ಯಾನೇಜರ್‌ಗೆ ಇಟ್ಟು ಮಿಕ್ಕಿದ್ದೆಲ್ಲ ಅದಕ್ಕೇ ಬಿಡಿ, ಬಿಟ್‌ವಾರ್ಡನ್ ಫ್ರೀ ಇದೆ, ಎಲ್ಲಾ ನಮ್ ಕಂಪ್ಯೂಟರಲ್ಲೇ ಇರ್ಲಿ ಅನ್ನೋವ್ರಿಗೆ ಕೀಪಾಸ್ ಇದೆ.

ಡೊಮೈನ್ ಯಾರ ಹೆಸರಲ್ಲಿದೆ?

ಇದನ್ನ ಯಾವ ಗೈಡಲ್ಲೂ ಬರೆಯಲ್ಲ, ನಮ್ಮ ಕಡೆ ಅತೀ ಹೆಚ್ಚು ಜನ ಒದ್ದಾಡೋದು ಇಲ್ಲೇ. ತಿಪಟೂರಲ್ಲಿ ನನ್ನ ಸ್ನೇಹಿತ ಒಬ್ಬ ಕೊಬ್ಬರಿ ಎಣ್ಣೆ ಮಾಡ್ತಾನೆ, ಗಾಣದ್ದು. ಅವನಿಗೆ ಒಬ್ಬ ಹುಡುಗ ವೆಬ್‌ಸೈಟ್ ಮಾಡ್ಕೊಟ್ಟ, ಡೊಮೈನ್ ತಗೊಂಡಿದ್ದು ಹುಡುಗನ ಇಮೇಲಲ್ಲಿ, ಹೋಸ್ಟಿಂಗ್ ಹುಡುಗನ ಅಕೌಂಟಲ್ಲಿ, ದುಡ್ಡು ಮಾತ್ರ ಇವನದ್ದು. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ನಂಬರ್ ಬದಲಾಯ್ತು, ರಿನ್ಯೂವಲ್ ಮೇಲ್ ಯಾರಿಗೋ ಹೋಯ್ತು, ಡೊಮೈನ್ ಕೈ ತಪ್ತು. ಒಂದೂವರೆ ತಿಂಗಳಾದ ಮೇಲೆ ಅದೇ ಹೆಸರಲ್ಲಿ ಬೆಟ್ಟಿಂಗ್ ಸೈಟ್ ಓಡ್ತಿತ್ತು. ಬಾಟಲ್ ಲೇಬಲ್ ಮೇಲೆಲ್ಲಾ ಅದೇ ಅಡ್ರೆಸ್ ಪ್ರಿಂಟ್ ಆಗಿದೆ! ಇದು ಹ್ಯಾಕ್ ಅಲ್ಲ ಅಂತ ನೀವು ಹೇಳ್ಬೋದು, ಎಣ್ಣೆ ತಗೊಂಡ ಗಿರಾಕಿಗೆ ಎರಡಕ್ಕೂ ಏನು ವ್ಯತ್ಯಾಸ.

ಅದಕ್ಕೆ ರಿಜಿಸ್ಟ್ರಾರ್, ಅಂದ್ರೆ ಡೊಮೈನ್ ಮಾರಿದ ಕಂಪನಿಯ ಅಕೌಂಟಿಗೆ ನೀವೇ ಲಾಗಿನ್ ಆಗಿ ನೋಡಿ, ಮಾಲೀಕನ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್, ಈಗ ಬಳಸ್ತಿರೋ ಫೋನ್ ನಂಬರ್ ಇರ್ಬೇಕು. ಆಟೋ ರಿನ್ಯೂ ಆನ್ ಮಾಡಿ, ಟ್ರಾನ್ಸ್‌ಫರ್ ಲಾಕ್ ಅಂತ ಒಂದು ಬಟನ್ ಇರುತ್ತೆ ಅದನ್ನೂ ಆನ್ ಮಾಡಿ, ಟೂ ಸ್ಟೆಪ್ ಇಲ್ಲೂ ಹಾಕಿ. ಮಾಲೀಕನ ಹೆಸರು, ಫೋನ್ ಹೊರಗಿನವರಿಗೆ ಕಾಣದಂಗೆ ಮುಚ್ಚೋ ಹೂಈಸ್ ಪ್ರೈವೆಸಿ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಡೊಮೈನ್ ತಗೊಂಡ ಮಾರನೇ ದಿನದಿಂದ ಲೋಗೋ ಮಾಡ್ಕೊಡ್ತೀವಿ ಸರ್ ಅಂತ ಫೋನ್ ಶುರು. ನಿಮ್ಮ ಡೊಮೈನ್ ಮುಗೀತಿದೆ ತಕ್ಷಣ ಕಟ್ಟಿ ಅಂತ ಬರೋ ಮೇಲ್‌ನಲ್ಲಿರೋ ಲಿಂಕ್ ಒತ್ಲೇಬೇಡಿ, ಅದ್ರಲ್ಲಿ ಎಷ್ಟೋ ನಕಲಿ, ಸಣ್ಣಕ್ಷರದಲ್ಲಿ ನೋಡಿದ್ರೆ ಅದು ಡೊಮೈನೇ ಅಲ್ಲ, ಗೂಗಲಲ್ಲಿ ಮೇಲೆ ತರ್ತೀವಿ ಅನ್ನೋ ಏನೋ ಎಸ್‌ಇಒ ಸರ್ವಿಸ್ಸಿನ ಬಿಲ್ಲು. ರಿಜಿಸ್ಟ್ರಾರ್ ಸೈಟಿನ ಅಡ್ರೆಸ್ ಕೈಯಾರೆ ಟೈಪ್ ಮಾಡಿ ಹೋಗಿ ಕಟ್ಟಿ.

ನೀವು ಲಾಗಿನ್ ಆಗೋ ಕಂಪ್ಯೂಟರ್

ಬಸ್‌ಸ್ಟ್ಯಾಂಡ್ ಹತ್ರದ ಸೈಬರ್ ಸೆಂಟರಲ್ಲಿ ಕೂತು ಅಡ್ಮಿನ್ ಲಾಗಿನ್ ಮಾಡ್ಬೇಡಿ, ಅರ್ಜೆಂಟಾದ್ರೆ ಫೋನಲ್ಲೇ ಮಾಡಿ. ಮನೆ ಲ್ಯಾಪ್‌ಟಾಪ್ ಆದ್ರೂ ಅದರಲ್ಲಿ ಕ್ರ್ಯಾಕ್ ಮಾಡಿದ ಫೋಟೋಶಾಪ್, ಕ್ರ್ಯಾಕ್ ಮಾಡಿದ ಆಟ ಹಾಕಿದ್ರೆ ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಲಾಗಿನ್ ಆಗಿರೋ ಕುಕೀಸು ಎಲ್ಲಾ ಒಟ್ಟಿಗೇ ಗುಡಿಸ್ಕೊಂಡು ಹೋಗೋ ವೈರಸ್ ಒಳಗಿರೋ ಚಾನ್ಸ್ ಜಾಸ್ತಿ. ಕುಕೀ ಕದ್ರೆ ಪಾಸ್‌ವರ್ಡೂ ಬೇಡ, ಒಟಿಪಿನೂ ಬೇಡ, ನೀವಾಗಿ ಒಳಗೆ ಹೋಗ್ತಾರೆ. ಫೈಲ್ ಅಪ್‌ಲೋಡ್ ಮಾಡೋಕೆ ಹಳೇ ಎಫ್‌ಟಿಪಿ ಬಳಸ್ತಿದ್ರೆ ನಿಲ್ಸಿ, ಅದು ಪಾಸ್‌ವರ್ಡನ್ನ ಪೋಸ್ಟ್ ಕಾರ್ಡ್ ಮೇಲೆ ಬರೆದಂಗೆ ಕಳಿಸುತ್ತೆ. ಎಸ್‌ಎಫ್‌ಟಿಪಿ ಅಂತ ಆಯ್ಕೆ ಇರುತ್ತೆ, ಅದು.

ಸೈಟೊಳಗೆ ಕಸ ಗುಡಿಸೋದು

ಈಗ ವರ್ಡ್‌ಪ್ರೆಸ್ ಒಳಗೆ ಹೋಗಿ. ಮೊದಲು ಯೂಸರ್ಸ್ ಪಟ್ಟಿ. ಗುರುತಿಲ್ಲದ ಅಡ್ಮಿನ್ ಇದ್ರೆ ಸೈಟು ಆಗ್ಲೇ ಹೋಗಿದೆ ಅಂತ ಅರ್ಥ, ನೇರ ಕೊನೇ ಭಾಗಕ್ಕೆ ಹೋಗಿ. ಅಡ್ಮಿನ್ ಅನ್ನೋ ಹೆಸರಿನದ್ದೇ ಯೂಸರ್ ಇದ್ರೆ ಬೇರೆ ಹೆಸರಲ್ಲಿ ಹೊಸ ಅಡ್ಮಿನ್ ಮಾಡ್ಕೊಂಡು ಹಳೇದನ್ನ ಡಿಲೀಟ್ ಮಾಡಿ, ಪೋಸ್ಟ್‌ಗಳನ್ನ ಯಾರಿಗೆ ವರ್ಗಾಯಿಸ್ಲಿ ಅಂತ ಕೇಳುತ್ತೆ, ಹೊಸಬನಿಗೆ ಕೊಡಿ. ದಿನಾ ಬರೆಯೋಕೆ ಎಡಿಟರ್ ಅಕೌಂಟ್ ಸಾಕು, ಅಡ್ಮಿನ್ ಬೇಕಾದಾಗ ಮಾತ್ರ.

ಆಮೇಲೆ ಪ್ಲಗಿನ್ನು. ನನ್ನ ಸೈಟಲ್ಲಿ 23 ಇದ್ವು, ಬೇಕಾಗಿದ್ದು 6. ಡೀಆ್ಯಕ್ಟಿವೇಟ್ ಮಾಡಿ ಸುಮ್ಮನಾಗ್ಬೇಡಿ, ಫೈಲು ಸರ್ವರ್‌ನಲ್ಲಿ ಹಂಗೇ ಇರುತ್ತೆ, ಡಿಲೀಟ್ ಮಾಡಿ. 2020ರ ಸೆಪ್ಟೆಂಬರಲ್ಲಿ ಫೈಲ್ ಮ್ಯಾನೇಜರ್ ಅನ್ನೋ ಪ್ಲಗಿನ್ನಲ್ಲಿ ಒಂದು ತೂತು ಸಿಕ್ತು, ಏಳು ಲಕ್ಷಕ್ಕಿಂತ ಜಾಸ್ತಿ ಸೈಟಲ್ಲಿ ಅದಿತ್ತು, ಲಾಗಿನ್ನೇ ಇಲ್ಲದೆ ಯಾರು ಬೇಕಾದ್ರೂ ಸರ್ವರಿಗೆ ಫೈಲ್ ತುಂಬ್ಬೋದಿತ್ತು. ಒಂದು ಫೋಲ್ಡರ್ ನೋಡೋ ಅನುಕೂಲಕ್ಕೆ ಹಾಕ್ಕೊಂಡ ಪ್ಲಗಿನ್ನು ನೋಡಿ ಅದು. ಉಳಿದ ಪ್ಲಗಿನ್‌ಗಳಿಗೆ ಕೊನೇ ಅಪ್‌ಡೇಟ್ ಯಾವಾಗ ಬಂದಿದೆ ನೋಡಿ, ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದ್ರೆ ಬೇರೆ ಹುಡುಕಿ. ಬಳಸದ ಥೀಮ್‌ಗಳಿಗೂ ಇದೇ, ಆಪತ್ತಿಗೆ ವರ್ಡ್‌ಪ್ರೆಸ್ಸಿನದ್ದೇ ಒಂದು ಡೀಫಾಲ್ಟ್ ಥೀಮ್ ಇಟ್ಕೊಂಡ್ರೆ ಸಾಕು.

ಅಪ್‌ಡೇಟ್ ವಿಷಯ. ವರ್ಡ್‌ಪ್ರೆಸ್ ಸಣ್ಣ ಸೆಕ್ಯೂರಿಟಿ ಅಪ್‌ಡೇಟ್‌ಗಳನ್ನ 2013ರ 3.7ರಿಂದ ತಾನೇ ಹಾಕ್ಕೊಳ್ಳುತ್ತೆ, ಪ್ಲಗಿನ್ನು ಥೀಮಿಗೆ ಆ ಆಯ್ಕೆ ಬಂದಿದ್ದು 2020ರ 5.5ರಲ್ಲಿ, ಅದನ್ನ ಒಂದೊಂದಕ್ಕೂ ನೀವು ಆನ್ ಮಾಡ್ಬೇಕು. ಅಪ್‌ಡೇಟ್ ಮಾಡಿದ್ರೆ ಡಿಸೈನ್ ಕೆಡುತ್ತೆ ಅಂತ ಹೆದರಿ ಬಿಟ್ಟವರನ್ನ ಬೇಕಾದಷ್ಟು ನೋಡಿದೀನಿ, ಡಿಸೈನ್ ಕೆಟ್ರೆ ಅವತ್ತೇ ಕಾಣುತ್ತೆ ಸರಿ ಮಾಡ್ಬೋದು, ತೂತು ಕಾಣಲ್ಲ. ವರ್ಡ್‌ಪ್ರೆಸ್ ಓಡೋದು ಪಿಎಚ್‌ಪಿ ಅನ್ನೋ ಪ್ರೋಗ್ರಾಂ ಭಾಷೆ ಮೇಲೆ, ಅದರ ವರ್ಷನ್ನೂ ಹೋಸ್ಟಿಂಗ್ ಪ್ಯಾನೆಲಲ್ಲಿ ನೋಡ್ಕೊಳ್ಳಿ, 7 ಅಂತ ಶುರುವಾದ್ರೆ ಅದಕ್ಕೆ ಸಪೋರ್ಟ್ ನಿಂತು ಕಾಲ ಆಯ್ತು.

ಒಂದು ಅಡ್ಡ ಮಾತು. ನಿಮ್ಮ ಸೈಟಲ್ಲಿ ನಾಲ್ಕು ಪೇಜು, ಒಂದು ಫೋನ್ ನಂಬರ್ ಅಷ್ಟೇ ಇದ್ರೆ ವರ್ಡ್‌ಪ್ರೆಸ್ಸೇ ಯಾಕೆ? ಸುಮ್ನೆ ಎಚ್‌ಟಿಎಮ್‌ಎಲ್ ಫೈಲ್ ಮಾಡಿ ಗಿಟ್‌ಹಬ್ ಪೇಜಸ್ ಥರದ ಕಡೆ ಇಟ್ರೆ ಡೇಟಾಬೇಸಿಲ್ಲ, ಲಾಗಿನ್ ಪೇಜಿಲ್ಲ, ಪ್ಲಗಿನ್ನಿಲ್ಲ, ಒಡೆಯೋಕೆ ಬಾಗಿಲೇ ಇಲ್ಲ. ತಿಪಟೂರಿನವನ ಹೊಸ ಸೈಟನ್ನ ನಾನು ಹಂಗೇ ಮಾಡ್ಕೊಟ್ಟಿದೀನಿ, ಡೊಮೈನ್ ಅವನ ಹೆಸರಲ್ಲೇ.

ಬ್ಯಾಕಪ್ಪು, ಇಲ್ಲಿ ನಾನು ಮೋಸ ಹೋಗಿದ್ದು

ಜಪಾನಿ ಅಂಗಡಿ ಕಂಡ ತಕ್ಷಣ ನಾನು ಅಂದ್ಕೊಂಡಿದ್ದು, ಅಯ್ಯೋ ಬ್ಯಾಕಪ್ ಇದೆಯಲ್ಲ, ಹಳೇದು ಹಾಕ್ಬಿಡೋಣ ಅಂತ. ಹೋಸ್ಟಿಂಗಿನವರು ದಿನಾ ಬ್ಯಾಕಪ್ ತಗೋತಿದ್ರು, ನಿಜ, ಆದ್ರೆ ಇಟ್ಕೊಳ್ತಿದ್ದದ್ದು ಏಳು ದಿನದ್ದು ಮಾತ್ರ. ಕಳ್ಳ ಸೇರ್ಕೊಂಡು ಮೂರು ತಿಂಗಳಾಗಿತ್ತು. ಏಳಕ್ಕೆ ಏಳೂ ಬ್ಯಾಕಪ್ಪಲ್ಲಿ ಕಳ್ಳ ಅಚ್ಚುಕಟ್ಟಾಗಿ ಸೇವ್ ಆಗಿದ್ದ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಅನ್ನೋದು ಕೇಳಿದ್ದೆ, ನಾನು ಕಳ್ಳನ್ನ ಒಳಗೇ ಬಿಟ್ಟು ಬಾಗಿಲು ಹಾಕಿದ್ದೆ.

ಹಂಗಾಗಿ ಬ್ಯಾಕಪ್ಪಿಗೆ ಎಷ್ಟು ಸಲ ಅನ್ನೋದಷ್ಟೇ ಅಲ್ಲ, ಎಷ್ಟು ಹಿಂದಿನದ್ದು ಅನ್ನೋದೂ ಮುಖ್ಯ. ನಾನೀಗ ಮಾಡೋದು: ವಾರಕ್ಕೊಮ್ಮೆ ಅಪ್‌ಡ್ರಾಫ್ಟ್‌ಪ್ಲಸ್ ಅನ್ನೋ ಬ್ಯಾಕಪ್ ಪ್ಲಗಿನ್ ತಾನೇ ಗೂಗಲ್ ಡ್ರೈವಿಗೆ ಕಳಿಸುತ್ತೆ, ತಿಂಗಳ ಮೊದಲ ಭಾನುವಾರ ಅದ್ರಲ್ಲಿ ಒಂದನ್ನ ಇಳಿಸಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ ಡಿಸ್ಕ್ ಕಿತ್ತು ಬೀರುವಲ್ಲಿ ಇಡ್ತೀನಿ, ಹನ್ನೆರಡು ತಿಂಗಳದ್ದು ಇರುತ್ತೆ. ಮೂರು ಕಾಪಿ, ಎರಡು ಬೇರೆ ಥರದ ಜಾಗ, ಒಂದು ಮನೆ ಹೊರಗೆ ಅನ್ನೋ 3-2-1 ರೂಲ್ ಇದೆಯಲ್ಲ, ಅದನ್ನ ಹೇಳಿದ್ದು ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಅಂತ ಗೊತ್ತಾದಾಗ ನಂಗೆ ಸ್ವಲ್ಪ ಖುಷಿ ಆಯ್ತು, ಕಂಪ್ಯೂಟರ್ ಪಂಡಿತ ಅಲ್ಲ, ನಮ್ಮ ಜಾತಿಯವನೇ. ಇನ್ನು ವರ್ಷಕ್ಕೆ ಒಂದೆರಡು ಸಲ ಆ ಬ್ಯಾಕಪ್ಪನ್ನ ನಿಜವಾಗ್ಲೂ ಬೇರೆ ಕಡೆ ರೀಸ್ಟೋರ್ ಮಾಡಿ ನೋಡಿ. ಫೈಲ್ ಮಾತ್ರ ಬಂದು ಡೇಟಾಬೇಸ್ ಬರದೇ ಇರೋ ಬ್ಯಾಕಪ್‌ಗಳು ಬೇಕಾದಷ್ಟಿವೆ.

ಸಣ್ಣ ಪುಟ್ಟ ಬೀಗಗಳು

ಎಚ್‌ಟಿಟಿಪಿಎಸ್ ಹಾಕ್ಕೊಳ್ಳಿ, ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಸರ್ಟಿಫಿಕೇಟ್ ಫ್ರೀಯಾಗಿ ಕೊಡ್ತಿದೆ, ಹೆಚ್ಚಿನ ಹೋಸ್ಟಿಂಗ್ ಪ್ಯಾನೆಲಲ್ಲೇ ಬಟನ್ ಇರುತ್ತೆ, ಇದಕ್ಕೆ ಸಾವಿರಾರು ರೂಪಾಯಿ ಕೇಳಿದ್ರೆ ಕೊಡ್ಬೇಡಿ. ಆದ್ರೆ ಬೀಗದ ಗುರುತು ಬಂತು ಸೈಟ್ ಸೇಫು ಅನ್ಕೋಬೇಡಿ, ಅದು ದಾರೀಲಿ ಯಾರೂ ಕದ್ದು ಓದ್ದಂಗೆ ನೋಡ್ಕೊಳ್ಳುತ್ತೆ ಅಷ್ಟೇ, ನನ್ನ ಜಪಾನಿ ಅಂಗಡಿಗೂ ಎಚ್‌ಟಿಟಿಪಿಎಸ್ ಇತ್ತು.

ಯಾರು ಓದ್ಬೋದು, ಯಾರು ಬದಲಾಯಿಸ್ಬೋದು ಅಂತ ಹೇಳೋ ಪರ್ಮಿಷನ್ ನಂಬರ್ ಇರುತ್ತೆ: ಫೋಲ್ಡರಿಗೆ 755, ಫೈಲಿಗೆ 644, ಡೇಟಾಬೇಸ್ ಪಾಸ್‌ವರ್ಡ್ ಇರೋ ಡಬ್ಲ್ಯೂಪಿ ಕಾನ್ಫಿಗ್ ಫೈಲಿಗೆ 640 ಅಥವಾ 600. ಫೋಟೋ ಅಪ್‌ಲೋಡ್ ಆಗ್ತಿಲ್ಲ ಅಂದಾಗ ಯಾರೋ 777 ಮಾಡಿ ಅಂತ ಸಲಹೆ ಕೊಡ್ತಾರೆ, ಅದು ಮನೆ ಬಾಗಿಲು, ಹಿತ್ತಲು, ಬೀರು ಎಲ್ಲಾ ತೆಗೆದಿಟ್ಟಂಗೆ. ಅಪ್‌ಲೋಡ್ಸ್ ಫೋಲ್ಡರಲ್ಲಿ ಪಿಎಚ್‌ಪಿ ಓಡದಂಗೆ ಮಾಡ್ಕೊಡಿ ಅಂತ ಹೋಸ್ಟಿಂಗ್ ಸಪೋರ್ಟಿಗೆ ಟಿಕೆಟ್ ಹಾಕಿ, ಫೋಟೋ ಇರೋ ಜಾಗದಲ್ಲಿ ಪ್ರೋಗ್ರಾಂಗೇನು ಕೆಲಸ? ಹೊರಗಿನ ಆ್ಯಪ್‌ಗಳು ಸೈಟಿನ ಜೊತೆ ಮಾತಾಡೋಕೆ ಎಕ್ಸ್‌ಎಮ್‌ಎಲ್‌ಆರ್‌ಪಿಸಿ ಅನ್ನೋ ಹಳೇ ಬಾಗಿಲೊಂದಿದೆ, ಜೆಟ್‌ಪ್ಯಾಕ್ ಪ್ಲಗಿನ್ ಅಥವಾ ವರ್ಡ್‌ಪ್ರೆಸ್ ಮೊಬೈಲ್ ಆ್ಯಪ್ ಬಳಸ್ತಿಲ್ಲ ಅಂದ್ರೆ ಅದನ್ನೂ ಮುಚ್ಚಿಸಿ.

ಇಷ್ಟಾದ ಮೇಲೆ ಸೆಕ್ಯೂರಿಟಿ ಪ್ಲಗಿನ್. ವರ್ಡ್‌ಫೆನ್ಸ್ ಫ್ರೀ ವರ್ಷನ್ ಸಾಕು, ಹೊಸ ದಾಳಿ ತಡೆಯೋ ಫೈರ್‌ವಾಲ್ ರೂಲು ಫ್ರೀಯವರಿಗೆ 30 ದಿನ ತಡವಾಗಿ ಬರುತ್ತೆ ಅನ್ನೋದು ಗೊತ್ತಿರ್ಲಿ, ಅದಕ್ಕೇ ಅಪ್‌ಡೇಟ್ ಮೊದಲು ಅಂದಿದ್ದು. ಒಂದೇ ಹಾಕಿ, ಎರಡು ಮೂರು ಹಾಕಿದ್ರೆ ಒಂದಕ್ಕೊಂದು ಕಾದಾಡ್ತವೆ. ಲಾಗಿನ್‌ಗೆ ಐದು ಸಲಕ್ಕಿಂತ ಜಾಸ್ತಿ ತಪ್ಪಾದ್ರೆ ಲಾಕ್ ಆಗೋ ಥರ, ಅಡ್ಮಿನ್‌ಗೆ ಟೂ ಸ್ಟೆಪ್ ಇರೋ ಥರ ಸೆಟ್ ಮಾಡಿ. ಮಾರನೇ ದಿನ ಲಾಗ್ ನೋಡಿದ್ರೆ ದಂಗಾಗ್ತೀರ, ಅಡ್ಮಿನ್, ಟೆಸ್ಟ್, ನಿಮ್ಮ ಡೊಮೈನ್ ಹೆಸರು, ಇವನ್ನೇ ಹಾಕಿ ರಾತ್ರಿಯೆಲ್ಲಾ ಬಾಗಿಲು ತಟ್ಟಿರ್ತಾರೆ.

ಆಗ್ಲೇ ಹೋಗಿದ್ರೆ

ಗೂಗಲಲ್ಲಿ ಸೈಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಎರಡು ಚುಕ್ಕೆ (ಒಂದರ ಮೇಲೊಂದು ಇರೋ ಕೋಲನ್) ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಹಾಕಿ ಹುಡುಕಿ, ಗೂಗಲಿಗೆ ಗೊತ್ತಿರೋ ನಿಮ್ಮ ಪೇಜುಗಳು ಬರ್ತವೆ, ಇದನ್ನ ಆರಾಮಾಗಿದ್ದಾಗ್ಲೂ ತಿಂಗಳಿಗೊಮ್ಮೆ ಮಾಡಿ. ಏನಾದ್ರೂ ವಿಚಿತ್ರ ಕಂಡ್ರೆ ಮೊದಲು ಇದ್ದ ಸ್ಥಿತೀಲೇ ಒಂದು ಪೂರ್ತಿ ಕಾಪಿ ತೆಗೆದಿಡಿ, ಆಮೇಲೆ ಬೇಕಾಗುತ್ತೆ. ನಂತರ ಕ್ಲೀನ್ ಇರೋ ಬೇರೆ ಕಂಪ್ಯೂಟರಿಂದ ಇಮೇಲ್, ಹೋಸ್ಟಿಂಗ್, ಡೇಟಾಬೇಸ್, ಅಡ್ಮಿನ್ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ, ಡಬ್ಲ್ಯೂಪಿ ಕಾನ್ಫಿಗ್‌ನಲ್ಲಿರೋ ಸಾಲ್ಟ್ ಕೀಗಳನ್ನೂ ಹೊಸದು ಹಾಕಿ, ಆಗ ಒಳಗಿರೋ ಎಲ್ರೂ, ಕಳ್ಳನೂ ಸೇರಿ, ಲಾಗೌಟ್ ಆಗ್ತಾರೆ.

ಆಮೇಲೆ ಒಂದೊಂದೇ ಫೈಲ್ ಹುಡುಕಿ ಕ್ಲೀನ್ ಮಾಡೋಕೆ ಹೋಗ್ಬೇಡಿ, ನಾನು ಎರಡು ರಾತ್ರಿ ಹಂಗೆ ಮಾಡಿ ಮೂರನೇ ದಿನ ಮತ್ತೆ ಜಪಾನ್ ಬಂತು. ವರ್ಡ್‌ಪ್ರೆಸ್, ಪ್ಲಗಿನ್, ಥೀಮ್ ಪೂರ್ತಿ ಅಳಿಸಿ ಅಸಲಿ ಜಾಗದಿಂದ ಹೊಸದಾಗಿ ಇಳಿಸಿ ಹಾಕಿ, ನಿಮ್ಮ ಫೋಟೋ ಫೋಲ್ಡರ್ ಮತ್ತೆ ಡೇಟಾಬೇಸ್ ಮಾತ್ರ ಉಳಿಸ್ಕೊಳ್ಳಿ. ಆ ಫೋಟೋ ಫೋಲ್ಡರಲ್ಲಿ ಪಿಎಚ್‌ಪಿ ಅಂತ ಕೊನೆಯಾಗೋ ಫೈಲ್ ಇದ್ರೆ ತೆಗೀರಿ (ನಂಗೆ ಸಿಕ್ಕಿದ್ದು ಕೊಕ್ಕರೆ ಫೋಟೋಗಳ ಮಧ್ಯೆ, ಹೆಸರೂ ಫೋಟೋ ಥರಾನೇ), ಯಾವ ಅಡ್ರೆಸ್ ಎಲ್ಲಿಗೆ ಹೋಗ್ಬೇಕು ಅಂತ ಸರ್ವರಿಗೆ ಹೇಳೋ ಎಚ್‌ಟಿಆ್ಯಕ್ಸೆಸ್ ಫೈಲು ಹೊಸದು ಮಾಡಿ, ಡೇಟಾಬೇಸಲ್ಲಿ ಯೂಸರ್ ಟೇಬಲ್ ನೇರವಾಗಿ ನೋಡಿ, ಯಾಕಂದ್ರೆ ಕೆಲವು ಕಳ್ಳ ಅಡ್ಮಿನ್‌ಗಳು ಡ್ಯಾಶ್‌ಬೋರ್ಡಲ್ಲಿ ಕಾಣದಂಗೆ ಬಚ್ಚಿಟ್ಕೊಂಡಿರ್ತಾರೆ. ಸೈಟ್ ಮಾಲೀಕರಿಗೆ ಅಂತ ಇರೋ ಗೂಗಲ್ ಸರ್ಚ್ ಕನ್ಸೋಲಲ್ಲಿ ಓನರ್ಸ್ ಪಟ್ಟಿ ನೋಡೋದು ಮರೀಬೇಡಿ, ಈ ಜಪಾನಿ ಹ್ಯಾಕಲ್ಲಿ ಅವರು ತಾವೇ ಓನರ್ ಅಂತ ವೆರಿಫೈ ಮಾಡ್ಕೊಂಡು ತಮ್ಮ ಸೈಟ್‌ಮ್ಯಾಪ್ (ಪೇಜುಗಳ ಪಟ್ಟಿ) ಸಲ್ಲಿಸಿರ್ತಾರೆ. ನನ್ನದ್ರಲ್ಲೂ ಒಬ್ಬ ಅಪರಿಚಿತ ಓನರ್ ಇದ್ದ. ಅವರನ್ನ ತೆಗೆದು, ಅವರು ವೆರಿಫೈಗೆ ಇಟ್ಟ ಫೈಲೂ ಅಳಿಸಿ, ಸೆಕ್ಯೂರಿಟಿ ಇಶ್ಯೂಸ್ ಅನ್ನೋ ಕಡೆ ಎಚ್ಚರಿಕೆ ಇದ್ರೆ ರಿವ್ಯೂ ಕೇಳಿ.

ದುಡ್ಡು ಹೋಗಿದ್ರೆ, ಸೈಟಿಂದ ಪೇಮೆಂಟ್ ತಗೋತಿದ್ರೆ, ಕಾಯ್ಬೇಡಿ, 1930ಕ್ಕೆ ಫೋನ್ ಮಾಡಿ ಅಥವಾ ಸೈಬರ್‌ಕ್ರೈಮ್ ಪೋರ್ಟಲಲ್ಲಿ ದೂರು ಹಾಕಿ, ಜಿಲ್ಲೆಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗೂ ಹೋಗ್ಬೋದು. ಮೊದಲು ತೆಗೆದಿಟ್ಟ ಕಾಪಿ ಬೇಕಾಗೋದು ಅಲ್ಲೇ. ಗಿರಾಕಿಗಳ ಫೋನ್ ನಂಬರ್, ಅಡ್ರೆಸ್ ಸೈಟಲ್ಲಿ ಇತ್ತು ಅಂದ್ರೆ ಮುಚ್ಚಿಡದೆ ಅವರಿಗೂ ಹೇಳಿ.

ಕ್ಲೀನ್ ಆದ ತಕ್ಷಣ ಗೂಗಲಿಂದ ಎಲ್ಲಾ ಮಾಯ ಆಗುತ್ತೆ ಅಂತ ಕಾಯ್ತಾ ಕೂರ್ಬೇಡಿ. ಆ ಕಳ್ಳ ಪೇಜುಗಳು 404, ಅಂದ್ರೆ ಪೇಜೇ ಇಲ್ಲ ಅನ್ನೋ ಉತ್ತರ, ಕೊಡ್ತಿದ್ರೆ ಸಾಕು, ಗೂಗಲ್ ಒಂದೊಂದನ್ನೂ ಮತ್ತೆ ಬಂದು ತಟ್ಟಿ ನೋಡಿ ಆಮೇಲೆ ತೆಗೆಯುತ್ತೆ. ನನ್ನದು ಪೂರ್ತಿ ಹೋಗೋಕೆ ಎರಡು ತಿಂಗಳು ಮೇಲೆ ಹಿಡೀತು, ಅಷ್ಟು ದಿನ ಕಗ್ಗಲಡು ಅಂತ ಹುಡುಕಿದೋರಿಗೆ ನನ್ನ ಸೈಟಿನ ಹೆಸರಲ್ಲಿ ಹ್ಯಾಂಡ್‌ಬ್ಯಾಗೇ ಬರ್ತಿತ್ತು. ಮೇಷ್ಟ್ರು ವಾರಕ್ಕೊಂದು ಸಲ ಫೋನ್ ಮಾಡಿ, ಇನ್ನೂ ಐತೆ ಸಾರ್, ಆದ್ರೆ ಕಮ್ಮಿ ಆಗೈತೆ ಅಂತ ಲೆಕ್ಕ ಕೊಡ್ತಿದ್ರು.